ಸೊಸೆಯ ವೀಸಾ, ಮಗುವಿನ ಪೌರತ್ವ



ಗಂಡನ ಮನೆಗೆ ಕಾಲಿಟ್ಟ ಹೆಣ್ಣು ಆ ಮನೆಯವಳೇ ಆಗುತ್ತಾಳೆ ಎಂದು ನಾವು ಹೇಳುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ. ನಿಕಾಹ್ ಆದ ಮಾತ್ರಕ್ಕೆ ಹೊರದೇಶದ ಸೊಸೆ ಭಾರತೀಯಳಾಗುವುದಿಲ್ಲ. ಇಪ್ಪತ್ತು ವರ್ಷ ಇಲ್ಲೇ ಸಂಸಾರ ಮಾಡಿದರೂ, ಕೈಗೆ ಆಧಾರ್ ಕಾರ್ಡ್ ಬಂದರೂ ಆಗುವುದಿಲ್ಲ.

ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ದೇಶ ವಿಭಜನೆಯಾದಾಗ ಆ ಸೀಮೆಯ ಎಷ್ಟೋ ಮನೆತನಗಳ ಒಂದು ಕವಲು ಕರಾಚಿಗೆ ಹೋಯಿತು. ಆದರೆ ನೆಂಟಸ್ತಿಕೆ ತುಂಡಾಗಲಿಲ್ಲ. ಸಂಬಂಧದಲ್ಲೇ ಮದುವೆ ಮಾಡುವ ರೂಢಿಯಿಂದ ಗಡಿಯಾಚೆಯ ಹೆಣ್ಣುಮಕ್ಕಳು ಈ ಕಡೆಗೆ ಸೊಸೆಯಾಗಿ ಬಂದರು. ಅವರ ವಿಚಾರ ಎದ್ದಾಗ ಈಗ ಕೇಳಿಬರುವ ಮಾತು, ನಮ್ಮವರಿಗೆ ಇನ್ನು ಪೌರತ್ವ ಸಿಗುವುದಿಲ್ಲವಂತೆ ಎಂದು.

ಈ ಮಾತಿಗೆ ಕಾರಣವೂ ನಮ್ಮ ಜಿಲ್ಲೆಯಲ್ಲೇ ಇದೆ. ಮಾನ್ವಿಯ ಪಕ್ಕದ ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರು ನೆಲೆಸಿದ್ದಾರೆ. ಅಲ್ಲಿನ ಐವರಿಗೆ 2024ರಲ್ಲಿ ಪೌರತ್ವದ ಪ್ರಮಾಣಪತ್ರ ದೊರೆಯಿತು. ಅದು 2019ರ ತಿದ್ದುಪಡಿ ಕಾಯ್ದೆಯ ಫಲ. ದೇಶೀಕರಣದ ಮೂಲಕ ಪೌರತ್ವ ಪಡೆಯಲು ಅರ್ಜಿಗೆ ಮುಂಚಿನ ಒಂದು ವರ್ಷ ಸತತವಾಗಿ, ಅದರ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ ಭಾರತದಲ್ಲಿ ವಾಸಿಸಿರಬೇಕು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಕೊನೆಯೊಳಗೆ ಬಂದ ಆರು ಧರ್ಮದವರಿಗೆ ಆ 11 ವರ್ಷವನ್ನು 5ಕ್ಕೆ ಇಳಿಸಲಾಯಿತು. ಅದರಲ್ಲಿ ಮುಸ್ಲಿಮರ ಹೆಸರಿಲ್ಲ. ಈ ಭೇದ ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ರಿಯಾಯಿತಿ ಸಿಗಲಿಲ್ಲವೆಂದರೆ ಹಳೆಯ ದಾರಿಯೂ ಮುಚ್ಚಿತೆಂದು ಅರ್ಥವಲ್ಲ.

ಸೊಸೆಗಂತೂ ದೇಶೀಕರಣಕ್ಕಿಂತ ಹತ್ತಿರದ ದಾರಿಯಿದೆ. 1955ರ ಪೌರತ್ವ ಕಾಯ್ದೆಯ 5ನೇ ಕಲಮಿನ ಪ್ರಕಾರ ಭಾರತೀಯನನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ವಾಸಿಸಿದವಳು ನೋಂದಣಿಯ ಮೂಲಕ ಪೌರತ್ವ ಕೇಳಬಹುದು. ಇಲ್ಲಿ ಧರ್ಮದ ಪ್ರಶ್ನೆಯಿಲ್ಲ. ಏಳು ವರ್ಷದ ಲೆಕ್ಕ ಹೀಗಿದೆ: ಅರ್ಜಿಗೆ ಮುಂಚಿನ 12 ತಿಂಗಳು ಪೂರ್ತಿಯಾಗಿ ಇಲ್ಲಿರಬೇಕು, ಅದಕ್ಕೂ ಹಿಂದಿನ 8 ವರ್ಷಗಳಲ್ಲಿ ಕೂಡಿಸಿ 6 ವರ್ಷ ಇದ್ದಿರಬೇಕು. ಕೊನೆಯ 12 ತಿಂಗಳಲ್ಲಿ ವಿಶೇಷ ಕಾರಣವಿದ್ದರೆ 30 ದಿನಗಳವರೆಗೆ ವಿನಾಯಿತಿ ಕೊಡಲು 2015ರ ತಿದ್ದುಪಡಿ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಅಂದರೆ ತವರಿಗೆ ಹೋಗಿಬರುವ ಆಸೆಯಿದ್ದರೆ ಆ ಕೊನೆಯ ವರ್ಷಕ್ಕೆ ಮುಂಚೆಯೇ ಹೋಗಿಬರಲಿ. ತಾಯಿಯ ಕಾಯಿಲೆ ನಮ್ಮ ಲೆಕ್ಕ ನೋಡಿ ಬರುವುದಿಲ್ಲ, ನಿಜ.

ಈ ದಾರಿಗೆ ಒಂದೇ ಒಂದು ದೊಡ್ಡ ಅಡ್ಡಿಯಿದೆ. ಅರ್ಜಿದಾರಳು ‘ಅಕ್ರಮ ವಲಸಿಗಳು’ ಆಗಿರಬಾರದು. ಕದ್ದು ಗಡಿ ದಾಟಿದವರು ಮಾತ್ರ ಅಕ್ರಮ ವಲಸಿಗರೆಂದು ನೀವು ತಿಳಿದಿರಬಹುದು. ಸರಿಯಾದ ಪಾಸ್‌ಪೋರ್ಟ್, ವೀಸಾ ಹಿಡಿದು ಬಂದು, ಅವಧಿ ಮುಗಿದ ಮೇಲೂ ಉಳಿದವರನ್ನೂ ಕಾನೂನು ಹಾಗೆಯೇ ಕರೆಯುತ್ತದೆ.

ಮಾನ್ವಿಯಲ್ಲೋ ದೇವದುರ್ಗದಲ್ಲೋ ಒಂದು ಮನೆಯನ್ನು ಊಹಿಸಿಕೊಳ್ಳಿ. ಸೊಸೆ ಗರ್ಭಿಣಿ. ವೀಸಾ ಮುಗಿಯುತ್ತಾ ಬಂದಿದೆ. ಹೆರಿಗೆ ಆಗಲಿ, ಆಮೇಲೆ ನೋಡೋಣ ಎಂದು ಅತ್ತೆ ಪ್ರೀತಿಯಿಂದಲೇ ಹೇಳುತ್ತಾರೆ. ಮಗು ಹುಟ್ಟುತ್ತದೆ. 2004ರ ಡಿಸೆಂಬರ್ 3ರ ನಂತರ ಹುಟ್ಟಿದ ಮಗು ಜನ್ಮದಿಂದ ಭಾರತೀಯವಾಗಬೇಕಾದರೆ ತಂದೆ ತಾಯಿ ಇಬ್ಬರೂ ಭಾರತೀಯರಾಗಿರಬೇಕು. ಇಲ್ಲವೇ ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಮಗು ಹುಟ್ಟಿದ ಸಮಯದಲ್ಲಿ ಅಕ್ರಮ ವಲಸಿಗರಾಗಿರಬಾರದು. ತಂದೆ ಅಪ್ಪಟ ಮಾನ್ವಿಯವರೇ. ಆದರೂ ತಾಯಿಯ ವೀಸಾ ತಪ್ಪಿದ್ದರಿಂದ, ರಾಯಚೂರಿನ ಆಸ್ಪತ್ರೆಯಲ್ಲಿ ಹುಟ್ಟಿದ ಆ ಕೂಸಿನ ಪೌರತ್ವಕ್ಕೇ ಪೆಟ್ಟು ಬಿತ್ತು. ವಿಶೇಷ ಸಂದರ್ಭದಲ್ಲಿ ಅಪ್ರಾಪ್ತ ಮಗುವನ್ನು ನೋಂದಾಯಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಆದರೆ ಅದು ಕೇಳಿ ಪಡೆಯಬೇಕಾದದ್ದು, ಹಕ್ಕಲ್ಲ.

ಆದ್ದರಿಂದ ಸೊಸೆ ಬಂದ ಹೊಸತರಲ್ಲೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯ ವಿದೇಶೀಯರ ನೋಂದಣಿ ವಿಭಾಗದಲ್ಲಿ ವಿಚಾರಿಸಿ, ದೀರ್ಘಾವಧಿ ವೀಸಾಕ್ಕೆ ಅರ್ಜಿ ಹಾಕಿಸಿ. ಪ್ರತಿ ಬಾರಿಯೂ ಅವಧಿ ಮುಗಿಯುವ ಮೊದಲೇ ನವೀಕರಿಸಿ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನಿಯರ ವೀಸಾಗಳು ರದ್ದಾದಾಗ ದೀರ್ಘಾವಧಿ ವೀಸಾ ಇದ್ದವರಿಗೆ ವಿನಾಯಿತಿ ಸಿಕ್ಕಿತು. ಆ ಒಂದು ಕಾಗದ ಮನೆ ಒಡೆಯದಂತೆ ಕಾಪಾಡಿತು. ಅವಧಿ ಈಗಾಗಲೇ ತಪ್ಪಿದ್ದರೆ ಬಚ್ಚಿಡಬೇಡಿ, ವಕೀಲರನ್ನು ಕಂಡು ಅವರೊಂದಿಗೆ ಕಚೇರಿಗೆ ಹೋಗಿ.

ಏಳು ವರ್ಷ ತುಂಬಿದ ಮೇಲೆ ಪೌರತ್ವದ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅದು ಜಿಲ್ಲಾಧಿಕಾರಿ, ರಾಜ್ಯ ಸರ್ಕಾರದ ಮೂಲಕ ದೆಹಲಿಯ ಗೃಹ ಸಚಿವಾಲಯಕ್ಕೆ ಹೋಗುತ್ತದೆ. ನಡುವೆ ವಿಚಾರಣೆಗೆ ಪೊಲೀಸರು ಮನೆಗೆ ಬಂದರೆ ಗಾಬರಿಪಡಬೇಕಾಗಿಲ್ಲ. ಒಪ್ಪಿಗೆ ಬಂದ ಬಳಿಕ ತವರು ದೇಶದ ಪೌರತ್ವ ತ್ಯಜಿಸಿದ ಪ್ರಮಾಣಪತ್ರ ಕೊಟ್ಟು, ನಿಷ್ಠೆಯ ಪ್ರಮಾಣ ಸ್ವೀಕರಿಸಬೇಕು. ಪಾಸ್‌ಪೋರ್ಟ್ ಒಪ್ಪಿಸಿದರೆ ಸಾಲದು, ತ್ಯಜಿಸಿದ ಪ್ರಮಾಣಪತ್ರವೇ ಬೇಕೆಂದು ಕೇರಳ ಹೈಕೋರ್ಟಿನ ವಿಭಾಗೀಯ ಪೀಠ 2025ರಲ್ಲಿ ಹೇಳಿತು. ಅಂದಹಾಗೆ, ಆ ಪಾಸ್‌ಪೋರ್ಟ್ ಕೈಬಿಡುವ ಮುನ್ನ ಅದರ ಪ್ರತಿ ಪುಟದ ಜೆರಾಕ್ಸ್ ತೆಗೆದು, ಮಕ್ಕಳ ಜನನ ಪ್ರಮಾಣಪತ್ರಗಳ ಜೊತೆಯಲ್ಲಿ ಇಟ್ಟುಕೊಳ್ಳಿ. ಮಗು ಹುಟ್ಟಿದ ದಿನ ತಾಯಿಯ ವೀಸಾ ಜೀವಂತವಾಗಿತ್ತೆಂದು ಮುಂದೊಮ್ಮೆ ತೋರಿಸಬೇಕಾದೀತು.