ಒಂದೇ ಪಾತ್ರೆಯ ಊಟ ಮತ್ತು ನಾನು ಹೇಳಿದ ಸುಳ್ಳು

ಕಳೆದ ಶನಿವಾರ ನಮ್ಮನೇಲಿ ಬ್ಲೂ ಚೀಸ್ ಫಾಂಡ್ಯೂ ಮಾಡಿದ್ದೆ, ಮೂರು ವರ್ಷದ ನಂತರ. ಇಷ್ಟು ದಿನ ಯಾಕೆ ಮಾಡಿರಲಿಲ್ಲ ಅನ್ನೋದಕ್ಕೆ ಒಂದು ಕಥೆ ಇದೆ. ಆ ಕಥೆಯಿಂದ ಹುಟ್ಟಿದ ಒಂದು ಅಭಿಪ್ರಾಯವೂ ಇದೆ. ಎರಡನ್ನೂ ಇವತ್ತು ಹೇಳಿಬಿಡ್ತೀನಿ. ಮಾಡೋ ವಿಧಾನ ಮಾತ್ರ ಸಾಕು ಅನ್ನೋರು ಸೀದಾ ಕೆಳಗೆ ಹೋಗಬಹುದು, ಬೇಜಾರಿಲ್ಲ :-)

ಫಾಂಡ್ಯೂ ಗೊತ್ತಿಲ್ಲದವರಿಗೆ ಎರಡು ಮಾತು. ಫ್ರೆಂಚ್‌ನಲ್ಲಿ ಹಾಗಂದ್ರೆ 'ಕರಗಿದ್ದು'. ನಾನಿರೋ ಸ್ವಿಟ್ಜರ್‌ಲೆಂಡಿನಲ್ಲಿ ಚಳಿಗಾಲ ಬಂತೆಂದರೆ ಎಲ್ಲರ ಮನೇಲೂ ಇದೇ. ದಪ್ಪ ತಳದ, ಒಂದೇ ಹಿಡಿಯ ಪಾತ್ರೆ (ಇದಕ್ಕೆ ಕಾಕ್ಲೋಂ ಅಂತಾರೆ). ಅದರ ಒಳಗೆಲ್ಲ ಬೆಳ್ಳುಳ್ಳಿ ಉಜ್ಜಿ, ಬಿಳಿ ವೈನ್ ಬಿಸಿ ಮಾಡಿ, ತುರಿದ ಚೀಸನ್ನು ಅದರಲ್ಲಿ ಕರಗಿಸೋದು. ಆಮೇಲೆ ಪಾತ್ರೆಯನ್ನು ಮೇಜಿನ ಮಧ್ಯೆ ಸಣ್ಣ ಸ್ಪಿರಿಟ್ ಸ್ಟೌ ಮೇಲಿಟ್ಟು, ಎಲ್ಲರೂ ಸುತ್ತ ಕೂತು, ಉದ್ದ ಫೋರ್ಕಿಗೆ ಬ್ರೆಡ್ ತುಂಡು ಚುಚ್ಚಿ ಅದ್ದಿ ಅದ್ದಿ ತಿನ್ನೋದು. ಬಡಿಸೋರು ಬೇರೆ, ಉಣ್ಣೋರು ಬೇರೆ ಅಂತಿಲ್ಲ. ಬ್ರೆಡ್ಡನ್ನು ಪಾತ್ರೆಯೊಳಗೆ ಬೀಳಿಸಿಕೊಂಡವರಿಗೆ ಏನಾದ್ರೂ ಶಿಕ್ಷೆ. 1970ರ ಒಂದು ಆಸ್ಟೆರಿಕ್ಸ್ ಕಾಮಿಕ್ಸಿನಲ್ಲಿ ಈ ಶಿಕ್ಷೆ, ಭಾರ ಕಟ್ಟಿ ಸರೋವರಕ್ಕೆ ಎಸೆಯೋ ತನಕ ಹೋಗುತ್ತೆ. ನಮ್ಮನೇಲಿ ಪಾತ್ರೆ ತೊಳೆಯೋದು, ಅಷ್ಟೆ.

ಇನ್ನು ಕಥೆ.

ಮೂರು ವರ್ಷದ ಹಿಂದೆ ಅರಸೀಕೆರೆ ಕಡೆಯ ಒಬ್ಬ ಹುಡುಗಿ ಜ್ಯೂರಿಕ್‌ಗೆ, ನಮ್ಮ ಬೀದಿಗೇ, ಹೊಸದಾಗಿ ಬಂದಿದ್ದಳು. ಗಂಡನಿಗೆ ಇಲ್ಲಿ ಕೆಲಸ. ಮೊದಲ ಚಳಿಗಾಲ, ಸಂಜೆ ಐದಕ್ಕೇ ಕತ್ತಲು, ಯಾರ ಪರಿಚಯವೂ ಇಲ್ಲ. ಟ್ರಾಮಿನಲ್ಲಿ ನಾನು ಅಮ್ಮನ ಜೊತೆ ಫೋನಲ್ಲಿ ಮಾತಾಡೋದನ್ನು ಕೇಳಿಸಿಕೊಂಡು, ಇಳಿದ ಮೇಲೆ ಹಿಂದೆಯೇ ಓಡಿ ಬಂದು "ಅಕ್ಕಾ, ನೀವು ಕನ್ನಡದವರಾ?" ಅಂತ ಕೇಳಿದವಳು ಅವಳು. ಆ ವಾರವೇ ಗಂಡ ಹೆಂಡತಿ ಇಬ್ಬರನ್ನೂ ಊಟಕ್ಕೆ ಕರೆದೆ. ಇಬ್ಬರೂ ಹುಟ್ಟಿನಿಂದ ಸಸ್ಯಾಹಾರಿಗಳು, ಮೊಟ್ಟೆ ಕೂಡ ಮುಟ್ಟಲ್ಲ. "ಹಾಗಾದ್ರೆ ಫಾಂಡ್ಯೂ ಮಾಡ್ತೀನಿ, ಬರೀ ಹಾಲಿಂದು" ಅಂದೆ.

ಅವತ್ತು ಗ್ರುಯೇರ್ ಚೀಸಿನ ಜೊತೆಗೆ ಇಟಲಿಯ ಗೊರ್ಗೊನ್‌ಝೋಲಾ ಅನ್ನೋ ಬ್ಲೂ ಚೀಸ್ ಹಾಕಿದ್ದೆ. ನೀಲಿ ಗೆರೆ ನೋಡಿ "ಅಯ್ಯೋ ಅಕ್ಕಾ, ಬೂಸ್ಟು ಹಿಡಿದಿದೆಯಲ್ಲಾ!" ಅಂದಳು. ಅದು ಬೇಕಂತಲೇ ಬೆಳೆಸಿದ ಬೂಸ್ಟು, ಅದರ ಹೆಸರು ಪೆನಿಸಿಲಿಯಂ ರೋಕ್‌ಫೋರ್ಟಿ, ಚೀಸಿಗೆ ಸೂಜಿಯಿಂದ ತೂತು ಮಾಡಿ ಗಾಳಿ ಹೋಗೋ ಹಾಗೆ ಮಾಡಿದ್ರೇನೇ ಅದು ಒಳಗೆಲ್ಲ ಹರಡೋದು ಅಂತ ದೊಡ್ಡದಾಗಿ ಪಾಠ ಮಾಡಿದೆ. ಬೂಸ್ಟಿನ ಬಗ್ಗೆ ಅಷ್ಟೆಲ್ಲಾ ಹೇಳಿದವಳು, ಹೇಳಲೇಬೇಕಾಗಿದ್ದ ಒಂದು ವಿಷಯ ಮಾತ್ರ ನುಂಗಿಕೊಂಡೆ. ಅವಳು ಚಪ್ಪರಿಸಿಕೊಂಡು ತಿಂದು, ತಳದಲ್ಲಿ ಅಂಟಿದ ಗರಿಗರಿ ಸೀಕನ್ನೂ ಕೆರೆದು ತಿಂದಳು.

ಹತ್ತು ದಿನದ ಮೇಲೆ ಫೋನ್. ತಾನೇ ಮಾಡೋಣ ಅಂತ ಚೀಸ್ ಅಂಗಡಿಗೆ ಹೋಗಿದ್ದಾಳೆ. ಹೊಸದಾಗಿ ಕಲಿತ ಜರ್ಮನ್‌ನಲ್ಲಿ 'ಇದು ಸಸ್ಯಾಹಾರವೇ' ಅಂತ ಕೇಳಿದ್ದಾಳೆ. ಅವನು ಪಾಪ ಪ್ರಾಮಾಣಿಕ, ಅಲ್ಲ ಅಂದಿದ್ದಾನೆ. "ಅಕ್ಕಾ, ಇದಕ್ಕೆ ಕರುವಿನ ಹೊಟ್ಟೆಯದು ಏನೋ ಹಾಕ್ತಾರಂತೆ. ನಿಮಗೆ ಗೊತ್ತಿತ್ತಾ?"

"ಇಲ್ಲಮ್ಮಾ, ನಂಗೂ ಈಗಲೇ ಗೊತ್ತಾಗ್ತಿರೋದು" ಅಂದೆ.

ಸುಳ್ಳು. ನನಗೆ ಎಂಟು ವರ್ಷದಿಂದ ಗೊತ್ತಿತ್ತು.

ವಿಷಯ ಇಷ್ಟೇ. ನಾವು ಪನೀರಿಗೆ ನಿಂಬೆಹಣ್ಣು ಹಿಂಡ್ತೀವಿ, ಮೊಸರಿಗೆ ಹೆಪ್ಪು ಹಾಕ್ತೀವಿ. ಇಲ್ಲಿನ ಹೆಚ್ಚಿನ ಚೀಸ್‌ಗಳಿಗೆ ಹಾಲು ಗಟ್ಟಿಯಾಗೋಕೆ ರೆನೆಟ್ ಹಾಕ್ತಾರೆ. ಹಳೇ ಪದ್ಧತಿಯಲ್ಲಿ ಅದು ಬರೋದು ಇನ್ನೂ ಹಾಲು ಕುಡಿಯುತ್ತಿರುವ ಎಳೆಗರುವಿನ ನಾಲ್ಕನೇ ಹೊಟ್ಟೆಯ ಒಳಪದರದಿಂದ, ಅಂದ್ರೆ ಕರುವನ್ನು ಕಡಿದ ಮೇಲೆ. ಗ್ರುಯೇರ್, ಗೊರ್ಗೊನ್‌ಝೋಲಾ, ಪಾರ್ಮಿಜಾನೋ ಇವುಗಳಿಗೆಲ್ಲ ಆ ಹೆಸರು ಹಾಕಿಕೊಳ್ಳಬೇಕಾದರೆ ಕರುವಿನ ರೆನೆಟ್ಟೇ ಬೇಕು ಅಂತ ನಿಯಮವೇ ಇದೆ. ಬೇರೆ ದಾರಿಗಳೂ ಇವೆ. ಶಿಲೀಂಧ್ರದಿಂದ ತೆಗೆದ ಮೈಕ್ರೋಬಿಯಲ್ ರೆನೆಟ್ ಇದೆ. ಸೂಕ್ಷ್ಮಜೀವಿಗಳಲ್ಲಿ ತಯಾರಿಸಿದ ಕೈಮೋಸಿನ್‌ಗೆ 1990ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಆದ್ರೆ ಕೊಳ್ಳೋರು ಲೇಬಲ್ ಓದಬೇಕು. ಊರಲ್ಲಾದ್ರೆ ಪ್ಯಾಕೆಟ್ಟಿನ ಹಸಿರು ಚುಕ್ಕೆ ನೋಡಿ ನಿಶ್ಚಿಂತೆಯಿಂದ ತಗೋತೀವಿ. ಇಲ್ಲಿ ಎಷ್ಟೋ ಸಲ 'ಲಾಬ್' ಅನ್ನೋ ಮೂರಕ್ಷರದ ಜರ್ಮನ್ ಪದ ಇರುತ್ತೆ ಅಷ್ಟೆ. ಹಾಗಂದ್ರೆ ರೆನೆಟ್. ಯಾವುದರದ್ದು ಅಂತ ಗೊತ್ತಾಗಲ್ಲ.

ನಾನು ಇದನ್ನೆಲ್ಲ ತಿಂತೀನಿ. ತಿಳಿದೇ ತಿಂತೀನಿ. ನೀವೂ ಬಿಡಿ ಅಂತ ಹೇಳೋಕೆ ಇದನ್ನು ಬರೀತಿಲ್ಲ. ನನ್ನ ಅಭಿಪ್ರಾಯ ಬೇರೆ: ಒಂದೇ ಪಾತ್ರೆಯಿಂದ ಹಂಚಿ ತಿನ್ನೋ ಊಟಕ್ಕೆ ಕರೆದಾಗ, ಪಾತ್ರೆಯಲ್ಲಿ ಏನಿದೆ ಅಂತ ಕೇಳದೇ ಹೇಳೋದು ಕರೆದವರ ಕೆಲಸ. ಬೇರೆ ಊಟದಲ್ಲಿ ಬೇಡದ್ದನ್ನು ಪಕ್ಕಕ್ಕೆ ಸರಿಸಬಹುದು, ಅನ್ನ ತಿಳಿಸಾರಲ್ಲಿ ಮುಗಿಸಬಹುದು. ಫಾಂಡ್ಯೂನಲ್ಲಿ ಸರಿಸೋಕೆ ಏನೂ ಇಲ್ಲ. ಇರೋದೇ ಒಂದು ಪಾತ್ರೆ. ಅದನ್ನು ಬಿಟ್ಟರೆ ಒಣ ಬ್ರೆಡ್ಡು. ಅಂಥಲ್ಲಿ ಸುಮ್ಮನಿದ್ದರೆ ಅವರ ಪರವಾಗಿ ನಾವೇ ತೀರ್ಮಾನ ಮಾಡಿದ ಹಾಗೆ.

ಈ ಮಾತು ಹೇಳಿದಾಗೆಲ್ಲ ಕೆಲವು ಉತ್ತರ ಬರುತ್ತವೆ.

"ಗೊತ್ತಿಲ್ಲದೆ ತಿಂದ್ರೆ ದೋಷ ಇಲ್ಲ ಬಿಡ್ರೀ." ಸರಿ, ತಿಂದವರಿಗೆ ಇಲ್ಲ. ಗೊತ್ತಿದ್ದು ತಿನ್ನಿಸಿದವರಿಗೆ?

"ಒಂದು ಹನಿ ಹಾಕ್ತಾರೆ ಕಣೇ, ಎಷ್ಟು ಮಹಾ." ಇದು ನನ್ನ ಗಂಡನ ವಾದ. ನಿಜ, ತುಂಬಾ ಕಡಿಮೆ ಸಾಕು. ಆದ್ರೆ ಎಷ್ಟು ಹನಿಯಾದರೆ ಪರವಾಗಿಲ್ಲ ಅಂತ ಲೆಕ್ಕ ಹಾಕಬೇಕಾದವರು ನಾವಲ್ಲವಲ್ಲ.

"ಇಷ್ಟೆಲ್ಲ ನೋಡ್ತಾ ಕೂತ್ರೆ ಹೊರದೇಶದಲ್ಲಿ ಬದುಕೋಕಾಗುತ್ತಾ?" ಬದುಕ್ತಾರೆ. ಎಷ್ಟು ನೋಡಬೇಕು, ಎಲ್ಲಿ ಬಿಡಬೇಕು ಅಂತ ಒಬ್ಬೊಬ್ಬರೂ ಒಂದೊಂದು ಗೆರೆ ಹಾಕಿಕೊಂಡೇ ಬದುಕ್ತಾರೆ. ಗೊತ್ತಿದ್ದರೆ ತಾನೇ ಗೆರೆ ಹಾಕಿಕೊಳ್ಳೋದು?

ವೈನ್ ವಿಷಯವೂ ಹಾಗೇ. 'ಕಾಯಿಸಿದ್ರೆ ಆಲ್ಕೋಹಾಲ್ ಎಲ್ಲ ಹಾರಿಹೋಗುತ್ತೆ' ಅಂತ ಸಲೀಸಾಗಿ ಹೇಳಿಬಿಡ್ತೀವಿ. ಫಾಂಡ್ಯೂ ಕುದಿಯೋದು ಕೆಲವೇ ನಿಮಿಷ. ಪೂರ್ತಿ ಹಾರಲ್ಲ, ಸ್ವಲ್ಪ ಉಳಿದೇ ಇರುತ್ತೆ. ಅದನ್ನೂ ಹೇಳಬೇಕು.

ಆ ಕಡೆಯಿಂದ ಇಲ್ಲಿನವರ ಆಕ್ಷೇಪಣೆ ಒಂದಿದೆ. ಗ್ರುಯೇರ್ ಇಲ್ಲದೆ, ವೈನ್ ಇಲ್ಲದೆ ಅದೆಂಥ ಫಾಂಡ್ಯೂ ಅಂತ ನನ್ನ ಆಫೀಸಿನಲ್ಲಿ ಒಬ್ಬರು ಮುಖ ಸಿಂಡರಿಸಿದರು. ಅವರಿಗೆ ನಾನು ಅವರದೇ ಫ್ರಿಬೋರ್ ಪ್ರಾಂತ್ಯದ ಉದಾಹರಣೆ ಕೊಟ್ಟೆ. ಅಲ್ಲಿ ವಾಶರಾಂ ಅನ್ನೋ ಒಂದೇ ಚೀಸನ್ನು ಬರೀ ನೀರಿನಲ್ಲಿ ಮೆಲ್ಲಗೆ ಕರಗಿಸಿ ಫಾಂಡ್ಯೂ ಮಾಡ್ತಾರೆ, ವೈನ್ ಇಲ್ಲವೇ ಇಲ್ಲ. ಚೀಸನ್ನು ವೈನಿನಲ್ಲಿ ಬೇಯಿಸೋ ವಿಧಾನ 1699ರ ಜ್ಯೂರಿಕ್‌ನ ಅಡುಗೆ ಪುಸ್ತಕದಲ್ಲೇ ಇದೆ ಅನ್ನೋದೂ ನಿಜ. ಆದ್ರೆ ಅದು ಇಡೀ ದೇಶದ ಊಟ ಅಂತ ಆಗಿದ್ದು 1930ರ ದಶಕದಲ್ಲಿ, ಸ್ವಿಸ್ ಚೀಸ್ ಯೂನಿಯನ್ ಚೀಸ್ ಮಾರೋಕೆ ಜೋರಾಗಿ ಪ್ರಚಾರ ಮಾಡಿದ ಮೇಲೆ. (ಆ ಯೂನಿಯನ್ 1914ರಲ್ಲಿ ಶುರುವಾಗಿ 1999ರಲ್ಲಿ ಮುಚ್ಚಿತು.) ನೂರು ವರ್ಷ ಕೂಡ ಆಗದ 'ರಾಷ್ಟ್ರೀಯ ಸಂಪ್ರದಾಯ'ದಲ್ಲಿ ಅತಿಥಿಗೋಸ್ಕರ ಒಂದು ಚೀಸ್ ಬದಲಾಯಿಸಿದ್ರೆ ಏನೂ ಮುಳುಗಿಹೋಗಲ್ಲ.

ಈಗ ನಾನು ಮಾಡೋ ರೀತಿ. ನಾಲ್ಕು ಜನಕ್ಕೆ 800 ಗ್ರಾಂ ಚೀಸ್. ಇದರಲ್ಲಿ 600 ಗ್ರಾಂ ಸ್ವಲ್ಪ ಹಳೆಯದಾದ ಗೌಡ ಅಥವಾ ಟಿಲ್ಸಿಟರ್, 200 ಗ್ರಾಂ ಬ್ಲೂ ಚೀಸ್. ಎಲ್ಲವೂ ಮೈಕ್ರೋಬಿಯಲ್ ರೆನೆಟ್ ಅಂತ ಸ್ಪಷ್ಟವಾಗಿ ಬರೆದಿರೋದೇ ಆಗಬೇಕು. ಕೆಲವು ಕಂಪನಿಗಳದ್ದು ಸಿಗುತ್ತೆ, ಹುಡುಕಬೇಕು. ಬ್ಲೂ ಚೀಸ್ ಕಾಲು ಭಾಗಕ್ಕಿಂತ ತುಂಬಾ ಮೇಲೆ ಹೋಗಬೇಡಿ. ಅದರಲ್ಲಿ ಉಪ್ಪೂ ಘಾಟೂ ಜಾಸ್ತಿ, ಅದೊಂದನ್ನೇ ಕರಗಿಸಿದರೆ ನೀರಾಗಿ ಎಣ್ಣೆ ಬಿಡುತ್ತೆ.

ವೈನ್ ಬದಲು ಮೂರು ಡೆಸಿಲೀಟರ್, ಅಂದ್ರೆ ಒಂದೂವರೆ ಲೋಟದಷ್ಟು, ಸಿಹಿ ಕಡಿಮೆ ಇರೋ ಸೇಬಿನ ರಸ, ಒಂದು ನಿಂಬೆಹಣ್ಣಿನ ರಸ. ಹುಳಿ ಬಿಡಬೇಡಿ, ಅದಕ್ಕೆ ಕೆಲಸ ಇದೆ. ಚೀಸಿನ ಪ್ರೋಟೀನುಗಳನ್ನು ಕ್ಯಾಲ್ಸಿಯಂ ಒಂದಕ್ಕೊಂದು ಕಟ್ಟಿಹಾಕಿರುತ್ತೆ. ವೈನಿನ ಟಾರ್ಟಾರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ ಆ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಗಂಟು ಸಡಿಲ ಮಾಡುತ್ತವೆ. ಆಗಲೇ ಚೀಸ್ ರಬ್ಬರಿನ ಹಾಗೆ ಎಳೆಯದೆ ಗಂಜಿಯ ಹಾಗೆ ಹರಿಯೋದು. ತುರಿದ ಚೀಸಿಗೆ ಮೂರು ಟೀ ಚಮಚ ಕಾರ್ನ್‌ಫ್ಲೋರ್ ಬೆರೆಸಿಟ್ಟುಕೊಳ್ಳಿ, ಕೊಬ್ಬು ಬೇರೆಯಾಗೋದನ್ನು ಅದು ತಡೆಯುತ್ತೆ. ಸಣ್ಣ ಉರಿ, ಹಿಡಿ ಹಿಡಿಯಾಗಿ ಚೀಸ್, ಕೈ ಬಿಡದೆ ಎಂಟರ ಆಕಾರದಲ್ಲಿ ತಿರುವೋದು. ಬ್ಲೂ ಚೀಸ್ ಕೊನೆಗೆ, ಪುಡಿ ಮಾಡಿ. ಉಪ್ಪು ಹಾಕಲೇಬೇಡಿ, ಕಾಳುಮೆಣಸು ಸಾಕು. ಒಡೆದ ಹಾಗೆ ಕಂಡರೆ ಗಾಬರಿ ಬೇಡ. ಒಂದು ಚಮಚ ನಿಂಬೆರಸದಲ್ಲಿ ಕಾರ್ನ್‌ಫ್ಲೋರ್ ಕಲಸಿ ಹಾಕಿ ಜೋರಾಗಿ ಕಡೆಯಿರಿ, ಕೂಡಿಕೊಳ್ಳುತ್ತೆ.

ಅದ್ದೋಕೆ ನಿನ್ನೆಯ ಬ್ರೆಡ್, ಬೇಯಿಸಿದ ಆಲೂಗಡ್ಡೆ, ಪೇರ್ ಹಣ್ಣಿನ ಹೋಳು. ನೀಲಿ ಚೀಸಿನ ಉಪ್ಪಿಗೆ ಪೇರ್ ಸಿಹಿ ಚೆನ್ನಾಗಿ ಹೊಂದುತ್ತೆ. ಕುಡಿಯೋಕೆ ಬಿಸಿ ಚಹಾ. 2010ರಲ್ಲಿ ಜ್ಯೂರಿಕ್‌ನ ವೈದ್ಯರು 20 ಜನರಿಗೆ ಫಾಂಡ್ಯೂ ತಿನ್ನಿಸಿ ನೋಡಿದ್ದರು. ಜೊತೆಗೆ ವೈನ್ ಕುಡಿದಾಗ ಹೊಟ್ಟೆ ಖಾಲಿಯಾಗೋದು ಕಪ್ಪು ಚಹಾ ಕುಡಿದಾಗಿಗಿಂತ ನಿಧಾನವಾಯಿತಂತೆ.

ಎಂಜಲಿನ ಮಾತು ಬಿಟ್ಟರೆ ಕನ್ನಡದವರ ಫಾಂಡ್ಯೂ ಪೂರ್ತಿಯಾಗಲ್ಲ :-) ಈ ಸಲ ಅಮ್ಮ ಇಲ್ಲೇ ಇದ್ದಾರೆ. ಫೋರ್ಕು ಬಾಯಿಗೆ ಹೋಗಿ ಮತ್ತೆ ಪಾತ್ರೆಗೆ ಬರುತ್ತೆ ಅನ್ನೋದು ಕೇಳಿಯೇ "ಥೂ, ಇದೇನೇ ಇದು" ಅಂದ್ರು. ಸರಿಯಾಗಿ ನೋಡಿದ್ರೆ ಇಲ್ಲಿನ ಪದ್ಧತಿಯಲ್ಲೂ ಫೋರ್ಕಿಗೆ ತುಟಿ ನಾಲಿಗೆ ತಾಗಿಸಬಾರದು, ಬ್ರೆಡ್ಡನ್ನು ಹಲ್ಲಲ್ಲಿ ಎಳೆದುಕೊಳ್ಳಬೇಕು. ನಾನು ಅದನ್ನೂ ನಂಬದೆ ಒಬ್ಬೊಬ್ಬರಿಗೆ ಎರಡು ಫೋರ್ಕ್ ಇಡ್ತೀನಿ, ಒಂದು ಅದ್ದೋಕೆ, ಒಂದು ತಿನ್ನೋಕೆ. ಅಮ್ಮನಿಗೆ ಅದೂ ಬೇಡ. ಯಾರೂ ಶುರು ಮಾಡೋ ಮೊದಲೇ ಒಂದು ಬಟ್ಟಲಿಗೆ ತೆಗೆದುಕೊಂಡು ನಮ್ಮ ಜೊತೆಗೇ ಕೂತರು. ಹಂಚಿಕೊಳ್ಳೋದಕ್ಕೆ ಅದರಿಂದೇನೂ ಕಮ್ಮಿಯಾಗಲಿಲ್ಲ. ಮೇಜಿನಲ್ಲಿ ಹೆಚ್ಚು ಮಾತಾಡಿದ್ದೇ ಅವರು.

ಆ ಹುಡುಗಿಯ ವಿಷಯ ಹೇಳಿ ಮುಗಿಸ್ತೀನಿ. ಫೋನ್ ಬಂದ ಎರಡು ತಿಂಗಳ ಮೇಲೆ ತಡೆಯಲಾರದೆ ಅವಳ ಮನೆಗೆ ಹೋಗಿ ನಿಜ ಹೇಳಿದೆ. ಅವಳು ಜಗಳ ಆಡಲಿಲ್ಲ. "ಅಕ್ಕಾ, ತಿಂದಿದ್ದಕ್ಕಿಂತ ನೀವು ಗೊತ್ತಿಲ್ಲ ಅಂದಿದ್ದು ಬೇಜಾರಾಯ್ತು" ಅಂದಳು ಅಷ್ಟೆ. ಆಮೇಲೂ ಬರ್ತಿದ್ದಳು, ಹೋಗ್ತಿದ್ದಳು. ಆದ್ರೆ ನಮ್ಮನೇಲಿ ಕಾಫಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಅನ್ನ ಹುಳಿ ಮಾಡಿದ್ದೀನಿ ಅಂದರೂ "ಈಗಷ್ಟೇ ಊಟ ಆಯ್ತಕ್ಕಾ". ಮೂರು ವರ್ಷ ಹೀಗೇ.

ಕಳೆದ ಶನಿವಾರ ಕರೆದಾಗ ಚೀಸಿನ ಹೊದಿಕೆಗಳನ್ನೆಲ್ಲ ಎಸೆಯದೆ ಮೇಜಿನ ಮೇಲೇ ಇಟ್ಟಿದ್ದೆ. ಅವಳು ಒಂದೊಂದನ್ನೇ ಎತ್ತಿ ಓದಿದಳು. ಒಂದು ಅರ್ಥವಾಗದೆ ಫೋನಿನಲ್ಲಿ ಅನುವಾದ ಮಾಡಿ ನೋಡಿದಳು. ನಾನು ಏನೂ ಹೇಳಲಿಲ್ಲ, ಪಾತ್ರೆ ತಿರುವುತ್ತಾ ನಿಂತೆ. ಕೊನೆಗೆ ಒಂದು ತುಂಡು ಬ್ರೆಡ್ ಚುಚ್ಚಿ, ಅದ್ದಿ, ಊದಿ ಬಾಯಿಗೆ ಹಾಕಿಕೊಂಡಳು.

"ಅಕ್ಕಾ, ಉಪ್ಪು ಸ್ವಲ್ಪ ಜಾಸ್ತಿ ಆಯ್ತು" ಅಂದಳು. ಮತ್ತೆ ಅದ್ದಿದಳು.