ಹುಲ್ಲು ಕತ್ತರಿಸುವ ಯಂತ್ರದಿಂದ ಲೆಮಾನ್‌ವರೆಗೆ

ಮಕ್ಕಳು ನಡೆಸುವ ಪುಟ್ಟ ಕಾರು ಎಂದರೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ದಸರಾ ವಸ್ತುಪ್ರದರ್ಶನದ ಡ್ಯಾಶಿಂಗ್ ಕಾರು. ಸುತ್ತಲೂ ರಬ್ಬರ್ ಪಟ್ಟಿ, ಐದು ನಿಮಿಷದ ಗುದ್ದಾಟ, ಗಂಟೆ ಬಾರಿಸಿದರೆ ಆಟ ಮುಗಿಯಿತು. ಕಾರ್ಟ್ ಎಂಬ ವಾಹನ ನೋಡುವುದಕ್ಕೆ ಅದರ ತಮ್ಮನಂತೆ ಕಂಡರೂ ಜಾತಿಯೇ ಬೇರೆ. ಉಕ್ಕಿನ ಕೊಳವೆಗಳ ಒಂದು ಚೌಕಟ್ಟು, ನಾಲ್ಕು ಪುಟ್ಟ ಚಕ್ರ, ಚಾಲಕನ ಪಕ್ಕದಲ್ಲೇ ಎಂಜಿನ್, ನೆಲದಿಂದ ಕೆಲವೇ ಅಂಗುಲ ಮೇಲೆ ಕೂರುವ ಆಸನ. ಬಾಗಿಲಿಲ್ಲ, ಚಾವಣಿ ಇಲ್ಲ, ಸ್ಪ್ರಿಂಗ್ ಇಲ್ಲ. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಜೋಡಿಸಿ ಮೊದಲ ಕಾರ್ಟ್ ಕಟ್ಟಿದ. ಎಂಟೇ ವರ್ಷಗಳಲ್ಲಿ, 1964ರಲ್ಲಿ, ರೋಮ್ ನಗರದಲ್ಲಿ ಇದರ ವಿಶ್ವ ಚಾಂಪಿಯನ್‌ಷಿಪ್ಪೇ ನಡೆಯಿತು.

ಅದೇ 1964ರ ಆಸುಪಾಸಿನಲ್ಲಿ ಬ್ರೆಜಿಲ್‌ನ ಸಾವೊಪಾಲೊ ನಗರದಲ್ಲಿ ಒಬ್ಬ ತಂದೆ ತನ್ನ ನಾಲ್ಕು ವರ್ಷದ ಮಗನಿಗೆ ಕೈಯಾರೆ ಒಂದು ಕಾರ್ಟ್ ಮಾಡಿಕೊಟ್ಟ. ಅದಕ್ಕೂ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನೇ. ಶಕ್ತಿ ಒಂದು ಅಶ್ವಶಕ್ತಿ ಮಾತ್ರ! ಮಗನ ಹೆಸರು ಅಯರ್ಟನ್ ಸೆನ್ನಾ ಡ ಸಿಲ್ವಾ. ಮುಂದೆ 1988, 1990 ಮತ್ತು 1991ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ಸೆನ್ನಾ ಇವನೇ. ಆ ಕಥೆ ಲೋಕಕ್ಕೆ ಗೊತ್ತು. ಇಲ್ಲಿ ಹೇಳಹೊರಟಿರುವುದು ಅದಕ್ಕಿಂತ ಹಿಂದಿನದು. ಹದಿನೆಂಟು ವರ್ಷದ ಹುಡುಗ ಮೊದಲ ಬಾರಿಗೆ ಯೂರೋಪಿಗೆ ಹೋಗಿ ಕಾರ್ಟ್ ಓಡಿಸಿದ ಕಥೆ. ಅವನ ಜತೆಗೆ ಅವನ ಅಪ್ಪನ ಕಥೆಯೂ ಹೌದು.

ಹುಡುಗನ ಬಾಲ್ಯ ಚಾಂಪಿಯನ್ನಿನ ಬಾಲ್ಯದಂತೆ ಇರಲಿಲ್ಲ. ನಡೆಯುವಾಗ ಎಡವುತ್ತಿದ್ದ, ಮೆಟ್ಟಿಲು ಹತ್ತಲು ತಡಕಾಡುತ್ತಿದ್ದ. ಕೈಕಾಲುಗಳ ಹೊಂದಾಣಿಕೆಯಲ್ಲೇ ಏನೋ ಕೊರತೆ ಇರಬೇಕೆಂದು ಹೆದರಿದ ತಂದೆತಾಯಿ ವೈದ್ಯರಲ್ಲಿಗೆ ಕರೆದೊಯ್ದು ಮಿದುಳಿನ ಪರೀಕ್ಷೆಯನ್ನೂ ಮಾಡಿಸಿದರು. ದೋಷವೇನೂ ಕಾಣಲಿಲ್ಲ. ವಿಚಿತ್ರವೆಂದರೆ ಕಾರ್ಟ್‌ನಲ್ಲಿ ಕೂರಿಸಿದ ಮೇಲೆ ಈ ಎಡವಟ್ಟು ಹುಡುಗನಿಗೆ ತನ್ನ ಕೈಕಾಲು ಎಲ್ಲಿವೆ ಎಂಬುದು ಚೆನ್ನಾಗಿ ತಿಳಿಯಿತು.

ತಂದೆ ಮಿಲ್ಟನ್ ಡ ಸಿಲ್ವಾ ಲೋಹದ ಬಿಡಿಭಾಗಗಳ ಕಾರ್ಖಾನೆ ನಡೆಸುತ್ತಿದ್ದವರು. ಜಮೀನು, ದನಕರುಗಳೂ ಇದ್ದವು. ಹೀಗಾಗಿ ಇದು ಬಡತನದಿಂದ ಮೇಲೆದ್ದ ಹುಡುಗನ ಕಥೆಯಲ್ಲ. ಹಾಗೆ ಬಣ್ಣ ಹಚ್ಚುವುದೂ ಸರಿಯಲ್ಲ. ಕಾರ್ಟ್ ಓಟ ಅಂದಿಗೂ ಇಂದಿಗೂ ದುಬಾರಿ. ಟೈರುಗಳು ಬೇಗ ಸವೆಯುತ್ತವೆ, ಎಂಜಿನ್ ಅನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟಬೇಕು, ಅದನ್ನು ಬಲ್ಲ ಮೆಕ್ಯಾನಿಕ್ ಬೇಕು. ಆದರೆ ಹಣವಿದ್ದ ಮಾತ್ರಕ್ಕೆ ಮಿಲ್ಟನ್ ಕೈಸಡಿಲ ಬಿಡಲಿಲ್ಲ. ಶಾಲೆಯಲ್ಲಿ ಅಂಕ ಇಳಿದರೆ ಕಾರ್ಟ್ ಇಲ್ಲ ಎಂಬುದು ಮನೆಯ ಕಾನೂನು. ಹುಡುಗ ಪುಸ್ತಕದ ಹುಳುವೇನೂ ಅಲ್ಲ. ಕಾರ್ಟ್ ಕಳೆದುಕೊಳ್ಳದಿರಲು ಎಷ್ಟು ಬೇಕೋ ಅಷ್ಟು ಓದುತ್ತಿದ್ದ ಎನ್ನಬಹುದು. ಅಂತೂ 1977ರಲ್ಲಿ ಶಾಲಾ ಶಿಕ್ಷಣ ಮುಗಿಸಿದ.

ಅಷ್ಟರಲ್ಲಿ ಓಟದ ಲೆಕ್ಕವೂ ಬೆಳೆದಿತ್ತು. ಬ್ರೆಜಿಲ್‌ನಲ್ಲಿ ಸ್ಪರ್ಧೆಗೆ ಇಳಿಯಲು 13 ವರ್ಷ ತುಂಬಬೇಕಿತ್ತು. 1973ರಲ್ಲಿ, ವಯಸ್ಸು ತುಂಬಿದ ವರ್ಷವೇ, ಆತ ಇಂಟರ್‌ಲಾಗೋಸ್ ಟ್ರ್ಯಾಕ್‌ಗೆ ಬಂದ. ಸ್ಪೇನ್‌ನಿಂದ ಬಂದು ಸಾವೊಪಾಲೊದಲ್ಲಿ ನೆಲೆಸಿದ್ದ, ಎಲ್ಲರೂ 'ಚೆ' ಎಂದು ಕರೆಯುತ್ತಿದ್ದ ಎಂಜಿನ್ ಕುಶಲಿಯೊಬ್ಬ ಅವನ ಗುರುವಾದ. ಶುರುವಿನಲ್ಲಿ ಮಳೆಯಲ್ಲಿ ನಡೆದ ಒಂದು ಓಟದಲ್ಲಿ ಉಳಿದವರೆಲ್ಲ ಈತನನ್ನು ಸಲೀಸಾಗಿ ದಾಟಿ ಹೋದರು. ಅಂದಿನಿಂದ ಸಾವೊಪಾಲೊದಲ್ಲಿ ಮಳೆ ಬಿದ್ದಾಗಲೆಲ್ಲ ಹುಡುಗ ಕಾರ್ಟ್ ಹೊರಗೆಳೆದು ನೆನೆಯುತ್ತಾ ಅಭ್ಯಾಸ ಮಾಡಿದ. ಮಳೆಯಲ್ಲಿ ಸೆನ್ನಾನನ್ನು ಹಿಂದಿಕ್ಕುವವರಿಲ್ಲ ಎಂದು ಮುಂದೆ ಜಗತ್ತು ಹೇಳಿತಲ್ಲ, 1985ರಲ್ಲಿ ಎಸ್ಟೊರಿಲ್‌ನ ಜಡಿಮಳೆಯಲ್ಲಿ ಮೊದಲ ಫಾರ್ಮುಲಾ ಒನ್ ಜಯ ಬಂತಲ್ಲ, ಅದರ ಬೇರು ಇಲ್ಲಿದೆ. 1977ರಲ್ಲಿ ದಕ್ಷಿಣ ಅಮೆರಿಕದ ಕಾರ್ಟ್ ಚಾಂಪಿಯನ್‌ಷಿಪ್ ಅವನದಾಯಿತು. ಇನ್ನು ಗೆಲ್ಲಲು ಊರಲ್ಲಿ ಏನಿದೆ? ಮಗನಿಗೆ ಯೂರೋಪ್ ಬೇಕಿತ್ತು. ಅಪ್ಪ ಒಪ್ಪಿದರು.

1978ರಲ್ಲಿ ಸೆನ್ನಾ ಇಟಲಿಗೆ ಬಂದಿಳಿದ. ಮಿಲಾನ್ ಕಡೆಯ ಡಿ.ಎ.ಪಿ. ಎಂಬ ಕಾರ್ಟ್ ಕಾರ್ಖಾನೆ, ಅದನ್ನು ನಡೆಸುತ್ತಿದ್ದವರು ಆಂಜೆಲೊ ಮತ್ತು ಅಕಿಲೆ ಪಾರಿಲ್ಲಾ ಸಹೋದರರು. ಹುಡುಗನಿಗೆ ಇಟಾಲಿಯನ್ ಬಾರದು. ಅವನ ಪೋರ್ಚುಗೀಸ್ ಭಾಷೆಗೆ ಇಟಾಲಿಯನ್ ಸಮೀಪದ ಬಂಧು ಎಂಬುದಷ್ಟೇ ಸಮಾಧಾನ. ನಮಗೆ ತೆಲುಗು ಇದ್ದಂತೆ ಎನ್ನಿ: ನಾಲ್ಕು ಪದ ಹಿಡಿಯಬಹುದು, ಐದನೆಯದಕ್ಕೆ ಮುಖ ಮುಖ ನೋಡಬೇಕು. ಮನೆಯಲ್ಲಿ ಅಮ್ಮನ ಕಣ್ಣಳತೆಯಲ್ಲೇ ಬೆಳೆದವನು, ಹತ್ತು ಸಾವಿರ ಕಿಲೋಮೀಟರಿಗೆ ಸಮೀಪದ ದೂರದಲ್ಲಿ ಒಂಟಿ. ಹಾಸ್ಟೆಲ್ ಸೇರಿದ ಮೊದಲ ವಾರವನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಿಲ್ಲ.

ತಂಡದಲ್ಲಿ ಅವನಿಗಿಂತ ಮೊದಲೇ ಒಬ್ಬ ಹಿರಿಯನಿದ್ದ. ಬ್ರಿಟನ್ನಿನ ಟೆರಿ ಫುಲ್ಲರ್ಟನ್, 1973ರ ವಿಶ್ವ ಚಾಂಪಿಯನ್, ಆಗ ಇಪ್ಪತ್ತೈದರ ಪ್ರಾಯ. ಊರಲ್ಲಿ ಯಾರಿಗೂ ಸೋಲದ ಹುಡುಗನಿಗೆ ಪ್ರತಿದಿನ ಕಣ್ಣೆದುರಿಗೇ ತನಗಿಂತ ಹೆಚ್ಚು ಬಲ್ಲವನೊಬ್ಬ. ಪಾರ್ಮಾದ ಟ್ರ್ಯಾಕ್‌ನಲ್ಲಿ ಇಬ್ಬರೂ ಅಭ್ಯಾಸ ಮಾಡಿದರು. ಹುಡುಗ ಬೇಗನೆ ಹಿರಿಯನ ಸಮಯದ ಸಮೀಪಕ್ಕೆ ಬಂದ. ಸಮೀಪ, ಆದರೆ ದಾಟಲಿಲ್ಲ. ವಿದೇಶಕ್ಕೆ ಹೋಗುವುದರ ನಿಜವಾದ ಪ್ರಯೋಜನ ಇದೇ ಎಂದು ನನ್ನ ಅನಿಸಿಕೆ. ಪದಕಕ್ಕಿಂತ ಮೊದಲು ಅಳತೆಗೋಲು ಸಿಗುತ್ತದೆ.

ಇಲ್ಲಿ ಕಾರ್ಟ್‌ನ ಯಂತ್ರವಿದ್ಯೆ ಸ್ವಲ್ಪ ತಿಳಿದರೆ ಹುಡುಗ ಕಲಿಯಬೇಕಾಗಿದ್ದುದು ಏನೆಂದು ಅರ್ಥವಾದೀತು. ಶಾಲೆಯ ಕವಾಯತನ್ನು ನೆನಪಿಸಿಕೊಳ್ಳಿ. ಸಾಲು ತಿರುಗುವಾಗ ಹೊರತುದಿಯ ಹುಡುಗ ದಾಪುಗಾಲು ಹಾಕುತ್ತಾನೆ, ಒಳತುದಿಯವನು ನಿಂತಲ್ಲೇ ಕಾಲು ಕುಣಿಸುತ್ತಾನೆ. ಕಾರು ತಿರುಗುವಾಗಲೂ ಹಾಗೆಯೇ: ಹೊರಚಕ್ರ ಹೆಚ್ಚು ದೂರ ಉರುಳಬೇಕು, ಒಳಚಕ್ರ ಕಡಿಮೆ. ಕಾರಿನಲ್ಲಿ ಇದಕ್ಕೆಂದೇ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆ ಇರುತ್ತದೆ. ಕಾರ್ಟ್‌ನಲ್ಲಿ ಅದಿಲ್ಲ! ಹಿಂದಿನ ಎರಡೂ ಚಕ್ರಗಳು ಒಂದೇ ಸರಳಿಗೆ ಬಿಗಿದಿರುತ್ತವೆ, ಒಂದೇ ವೇಗದಲ್ಲಿ ಸುತ್ತುತ್ತವೆ. ಹಾಗಾದರೆ ತಿರುವಿನಲ್ಲಿ ಏನು ಗತಿ? ಒಳಗಿನ ಹಿಂಚಕ್ರವನ್ನು ಒಂದು ಕ್ಷಣ ನೆಲದಿಂದ ಎತ್ತಿಬಿಡಬೇಕು, ಇಲ್ಲವೇ ಅದರ ಮೇಲಿನ ಭಾರವನ್ನಾದರೂ ಕಳೆಯಬೇಕು. ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರಗಳ ಜೋಡಣೆ, ಚೌಕಟ್ಟಿನ ಬಾಗು, ಚಾಲಕನ ಮೈಭಾರ ಮೂರೂ ಸೇರಿ ಈ ಕೆಲಸ ಮಾಡುತ್ತವೆ. ಸ್ಪ್ರಿಂಗ್ ಇಲ್ಲದ ಕಾರ್ಟ್‌ಗೆ ಬಾಗುವ ಚೌಕಟ್ಟೇ ಸ್ಪ್ರಿಂಗ್. ಟೈರಿನ ಹಿಡಿತ ಬದಲಾದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಹೊಸ ದೇಶ ಎಂದರೆ ಹೊಸ ಟ್ರ್ಯಾಕ್, ಹೊಸ ಟೈರು. ಊರಿನಲ್ಲಿ ಬೆನ್ನಿಗೆ, ಅಂಗೈಗೆ ಅಭ್ಯಾಸವಾಗಿದ್ದುದನ್ನು ಮರೆತು ಮತ್ತೆ ಕಲಿಯಬೇಕು.

ಇನ್ನೊಂದು ಸ್ವಾರಸ್ಯವಿದೆ. ಆ ಕಾಲದ 100 ಸಿ.ಸಿ. ಕಾರ್ಟ್‌ಗೆ ಗೇರಿಲ್ಲ, ಕ್ಲಚ್ಚಿಲ್ಲ. ಹಿಂದಿನಿಂದ ತಳ್ಳಿ ಚಾಲೂ ಮಾಡಬೇಕು. ಎಂಜಿನ್ ಟೂ ಸ್ಟ್ರೋಕ್ ಆದ್ದರಿಂದ ಎಣ್ಣೆ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ನೇರದಾರಿಯ ಕೊನೆಯಲ್ಲಿ ಚಾಲಕ ವೇಗವರ್ಧಕದಿಂದ ಕಾಲೆತ್ತಿದರೆ ಪೆಟ್ರೋಲ್ ನಿಂತಿತು, ಅದರೊಂದಿಗೆ ಎಣ್ಣೆಯೂ ನಿಂತಿತು. ಆದರೆ ಚಕ್ರಕ್ಕೆ ನೇರವಾಗಿ ಕಟ್ಟಿದ ಎಂಜಿನ್ ಮಾತ್ರ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ಸುತ್ತುತ್ತಲೇ ಇರುತ್ತದೆ. ಎಣ್ಣೆಯಿಲ್ಲದೆ ಪಿಸ್ಟನ್ ಕಚ್ಚಿಕೊಂಡರೆ ಹಿಂಚಕ್ರಗಳೆರಡೂ ಜಾಮ್. ಅದಕ್ಕೇ ಚಾಲಕರು ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದು ಕೈ ಹಿಂದಕ್ಕೆ ಚಾಚಿ ಕಾರ್ಬುರೇಟರಿನ ಗಾಳಿಬಾಯಿಯನ್ನು ಅಂಗೈಯಿಂದ ಮುಚ್ಚುತ್ತಿದ್ದರು. ಗಾಳಿ ಕಡಿಮೆಯಾಗಿ ಹೆಚ್ಚು ಪೆಟ್ರೋಲ್-ಎಣ್ಣೆ ಒಳಗೆ ಎಳೆಯಲ್ಪಟ್ಟು ಎಂಜಿನ್ ಉಳಿಯುತ್ತಿತ್ತು. ಯಾವ ಕ್ಷಣ, ಎಷ್ಟು ಹೊತ್ತು ಎಂಬುದನ್ನು ಕಿವಿಯಿಂದಲೇ ತಿಳಿಯಬೇಕು. ಭೌತಶಾಸ್ತ್ರದ ಪ್ರಯೋಗ ಪರೀಕ್ಷೆ ಇದಕ್ಕಿಂತ ಸುಲಭ!

ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಫ್ರಾನ್ಸಿನ ಲೆಮಾನ್‌ನಲ್ಲಿ ನಡೆಯಿತು. ಸೆನ್ನಾಗೆ ಬಂದುದು ಆರನೆಯ ಸ್ಥಾನ. ಗೆದ್ದವನು ಅಮೆರಿಕದ ಲೇಕ್ ಸ್ಪೀಡ್. ವೇಗದ ಆಟಗಾರನಿಗೆ ಸ್ಪೀಡ್ ಎಂಬ ಮನೆತನದ ಹೆಸರು, ಅದೂ ಅಡ್ಡಹೆಸರಲ್ಲ, ಹುಟ್ಟಿನಿಂದ ಬಂದದ್ದು! ಯೂರೋಪಿನಲ್ಲಿ ಹಿಂದೆಂದೂ ಓಡಿಸದ ಹುಡುಗನಿಗೆ ವಿಶ್ವದಲ್ಲಿ ಆರನೆಯ ಸ್ಥಾನ ಸಣ್ಣದಲ್ಲ. ಅವನಿಗೆ ಮಾತ್ರ ಅದು ಸೋಲು. ಮರುವರ್ಷ, 1979ರಲ್ಲಿ, ಪೋರ್ಚುಗಲ್‌ನ ಎಸ್ಟೊರಿಲ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಪೀಟರ್ ಕೂನೆಯೊಂದಿಗೆ ಅಂಕ ಸಮನಾಯಿತು. ಸಮನಾದರೆ ಯಾರು ಎಂಬ ನಿಯಮ ಕೂನೆಯ ಕಡೆಗಿತ್ತು. ಎರಡನೆಯ ಸ್ಥಾನ. 1980ರಲ್ಲಿ ಬೆಲ್ಜಿಯಂನ ನಿವೆಲ್‌ನಲ್ಲಿ ಮತ್ತೆ ಎರಡನೆಯ ಸ್ಥಾನ. ಕಾರುಗಳ ಓಟಕ್ಕೆ ಹೋದ ಮೇಲೂ 1981 ಮತ್ತು 1982ರಲ್ಲಿ ಹಿಂದಿರುಗಿ ಪ್ರಯತ್ನಿಸಿದ. ಸಿಗಲಿಲ್ಲ. ಮೂರು ಬಾರಿ ಫಾರ್ಮುಲಾ ಒನ್ ಗೆದ್ದವನಿಗೆ ಕಾರ್ಟ್‌ನ ವಿಶ್ವ ಕಿರೀಟ ಕೊನೆಗೂ ದಕ್ಕಲೇ ಇಲ್ಲ.

ಈಗ ಅಪ್ಪನ ಕಡೆಗೆ ಬರೋಣ. ಮಿಲ್ಟನ್‌ಗೆ ಕಾರ್ಟ್ ಓಟ ಮಗನ ಹವ್ಯಾಸ, ಕಾರ್ಖಾನೆ ಅವನ ಭವಿಷ್ಯ. ಸಾವೊಪಾಲೊದಲ್ಲಿ ವ್ಯವಹಾರ ಆಡಳಿತದ ಕಾಲೇಜಿಗೆ ಸೇರಿದ ಮಗ ಮೂರು ತಿಂಗಳಲ್ಲೇ ಬಿಟ್ಟ. 1981ರಲ್ಲಿ ಇಂಗ್ಲೆಂಡಿಗೆ ಹೋಗಿ ಫಾರ್ಮುಲಾ ಫೋರ್ಡ್ ಕಾರುಗಳಲ್ಲಿ ಒಂದೇ ವರ್ಷಕ್ಕೆ ಎರಡು ಚಾಂಪಿಯನ್‌ಷಿಪ್ ಗೆದ್ದ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಬೀಡುಬಿಡುತ್ತಿದ್ದರು. ಈತ ವರ್ಷದ ಕೊನೆಗೆ ಓಟಕ್ಕೆ ವಿದಾಯ ಹೇಳಿ ಊರಿಗೆ ಮರಳಿದ! ಮನೆಯವರ ಒತ್ತಾಯ, ಹಣದ ಪ್ರಾಯೋಜಕರ ಅಭಾವ ಎರಡೂ ಕಾರಣ. ಕೆಲವು ತಿಂಗಳು ಅಪ್ಪನ ವ್ಯವಹಾರ ನೋಡಿಕೊಂಡ. ಮೈ ಅಲ್ಲಿತ್ತು, ಮನಸ್ಸಿರಲಿಲ್ಲ. ಅದನ್ನು ಎಲ್ಲರಿಗಿಂತ ಮೊದಲು ಕಂಡವರು ಅಪ್ಪನೇ ಇರಬೇಕು. 1982ರ ಆರಂಭದಲ್ಲಿ ಮಗನನ್ನು ಮತ್ತೆ ಇಂಗ್ಲೆಂಡಿಗೆ ಹೋಗಲು ಬಿಟ್ಟರು.

ಮಿಲ್ಟನ್ ಮಾಡಿದ್ದು ಸರಿಯೇ? ಬರೀ ಚಾಂಪಿಯನ್‌ಷಿಪ್‌ಗಳ ಪಟ್ಟಿ ನೋಡಿ ಹೌದು ಎನ್ನುವುದು ಸುಲಭ. ಆದರೆ 1994ರ ಮೇ 1ರಂದು ಇಟಲಿಯ ಇಮೋಲಾದಲ್ಲಿ ಅದೇ ಮಗ 34ನೆಯ ವಯಸ್ಸಿಗೆ ಅಪಘಾತದಲ್ಲಿ ತೀರಿಕೊಂಡ. ಅಪ್ಪ ಬದುಕಿದ್ದು ಅದನ್ನು ನೋಡಬೇಕಾಯಿತು. ಕಾರ್ಟ್ ಕೊಳ್ಳಬೇಕೆಂದು ಹಟ ಹಿಡಿದ ಮಗುವಿನ ಮುಂದೆ ತಂದೆತಾಯಿ ಹಿಂಜರಿದರೆ ಅದನ್ನು ಅಂಜುಬುರುಕತನ ಎಂದು ನಾನಂತೂ ಕರೆಯಲಾರೆ.

ಹಾಗೆಂದು ದಾರಿ ನಿಂತಿಲ್ಲ, ನಮ್ಮೂರಿನಿಂದಲೂ ಹೋಗುತ್ತದೆ. 2011ರಲ್ಲಿ ಸಹಾರಾ ಫೋರ್ಸ್ ಇಂಡಿಯಾ ತಂಡ ದೇಶದಾದ್ಯಂತ ಹುಡುಕಾಟ ನಡೆಸಿ ಮೂವರು ಬಾಲಕರನ್ನು ಆರಿಸಿದಾಗ ಅವರಲ್ಲಿ ಒಬ್ಬ ಬೆಂಗಳೂರಿನ ಅರ್ಜುನ್ ಮೈನಿ, ಆಗ ವಯಸ್ಸು 13. ಇನ್ನೊಬ್ಬ ಮುಂಬಯಿಯ ಜೆಹಾನ್ ದಾರೂವಾಲಾ. ಅವರು ಯೂರೋಪಿಗೆ ಹೋಗಿ ಕಾರ್ಟ್ ಓಡಿಸಿದರು. ಅರ್ಜುನ್‌ನ ತಮ್ಮ ಕುಶ್ ಕೂಡ ಕಾರ್ಟ್‌ನಿಂದಲೇ ಬೆಳೆದವನು. 2025ರ ಮೇ ತಿಂಗಳಲ್ಲಿ ಮೊನಾಕೊದ ಬೀದಿಗಳಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ಓಟ ಗೆದ್ದ. ಸೆನ್ನಾ ಆರು ಬಾರಿ ಗೆದ್ದ ಅದೇ ಬೀದಿಗಳು. ಮೈನಿ ಸಹೋದರರ ತಂದೆಯೂ ಓಟದ ಕಾರು ನಡೆಸಿದವರು. ಅದೂ ಅನುಕೂಲವಂತರ ಮನೆಯೇ. ಬ್ರಿಟನ್ನಿನ ಲೂಯಿಸ್ ಹ್ಯಾಮಿಲ್ಟನ್‌ಗೆ ಎಂಟನೆಯ ವಯಸ್ಸಿನಲ್ಲಿ ಕಾರ್ಟ್ ಕೊಡಿಸಿದ ಅಪ್ಪ ಮಾತ್ರ ಅದರ ಖರ್ಚಿಗಾಗಿ ಒಂದಕ್ಕಿಂತ ಹೆಚ್ಚು ಕೆಲಸ ಮಾಡಬೇಕಾಯಿತು. ಆತನೂ ಇಟ್ಟ ಷರತ್ತು ಒಂದೇ: ಶಾಲೆಯಲ್ಲಿ ಚೆನ್ನಾಗಿ ಓದಬೇಕು. ಖಂಡಗಳು ಬೇರೆಯಾದರೂ ಅಪ್ಪಂದಿರ ಷರತ್ತು ಬದಲಾಗುವುದಿಲ್ಲ ಎಂದಾಯಿತು.

1993ರ ನವೆಂಬರ್‌ನಲ್ಲಿ ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಪತ್ರಕರ್ತರು ಸೆನ್ನಾಗೆ ಒಂದು ಪ್ರಶ್ನೆ ಹಾಕಿದರು. ಯಾರ ವಿರುದ್ಧ ಓಡಿಸಿದಾಗ ನಿಮಗೆ ಹೆಚ್ಚು ತೃಪ್ತಿ ಸಿಕ್ಕಿತು? ಪ್ರೊಸ್ತ್ ಹೆಸರು ಬರುತ್ತದೆಂದೋ ಮ್ಯಾನ್ಸೆಲ್ ಹೆಸರು ಬರುತ್ತದೆಂದೋ ಕಾದವರಿಗೆ ಸಿಕ್ಕ ಉತ್ತರ ಬೇರೆ. ತಾನು ಮೊದಲ ಬಾರಿ ಬ್ರೆಜಿಲ್ ಬಿಟ್ಟು ಬಂದ ದಿನಗಳಿಗೆ ಹೋದ ಸೆನ್ನಾ ಟೆರಿ ಫುಲ್ಲರ್ಟನ್ ಹೆಸರು ಹೇಳಿದ. ಆಗ ಇದ್ದುದು ಬರೀ ಓಟ, ಹಣವೂ ಇರಲಿಲ್ಲ ರಾಜಕೀಯವೂ ಇರಲಿಲ್ಲ ಎಂಬುದು ಅವನ ಕಾರಣ. ಫುಲ್ಲರ್ಟನ್ ಫಾರ್ಮುಲಾ ಒನ್‌ಗೆ ಹೋಗಲೇ ಇಲ್ಲ. ಕಾರ್ಟ್‌ನಲ್ಲೇ ಉಳಿದು, ಎಳೆಯ ಹುಡುಗರಿಗೆ ಓಡಿಸುವುದನ್ನು ಕಲಿಸಿದರು.