ಹಳದಿ ಟಿಟ್ಟಿಭಕ್ಕೆ ಜಾಗ ಎಲ್ಲಿದೆ?

ವಿಕ್ರೋಳಿಯಲ್ಲಿ ಆಫೀಸಿನ ಕಾಲ್ ಮುಗಿಸಿ ಮಧ್ಯರಾತ್ರಿ ಬಾಲ್ಕನಿಗೆ ಬಂದರೆ ಖಾಡಿಯ ಕಡೆಯಿಂದ ಹಕ್ಕಿಯೊಂದು ಕಿರುಚುವುದು ಕೇಳಿಸುತ್ತದೆ. ಇಂಗ್ಲಿಷರ ಕಿವಿಗೆ ಅದು ‘ಡಿಡ್ ಹಿ ಡೂ ಇಟ್’. ಮರಾಠಿಯಲ್ಲಿ ಟಿಟವಿ, ನಮಗೆ ಟಿಟ್ಟಿಭ. ಇದು ಕೆಂಪು ಟಿಟ್ಟಿಭ: ಕಪ್ಪು ತಲೆ, ಕಪ್ಪು ಎದೆ, ಕಣ್ಣಿನ ಮುಂದೆ ಕೆಂಪು ಚರ್ಮದ ಮಡಿಕೆ.

ಊರಿಗೆ ಹೋದಾಗ ಕುಷ್ಟಗಿ ಕಡೆಯ ಬೀಳು ಹೊಲದಲ್ಲಿ ಕಾಣುವುದು ಇದರ ದಾಯಾದಿ, ಹಳದಿ ಟಿಟ್ಟಿಭ. ಮಣ್ಣಿನ ಬಣ್ಣದ ಮೈ, ಕಪ್ಪು ಟೋಪಿ, ಹಳದಿ ಮಡಿಕೆ. ದನಿ ಸಣ್ಣದು, ಗದ್ದಲ ಕಡಿಮೆ.

ಎರಡೂ ಗೂಡು ಕಟ್ಟುವುದಿಲ್ಲ. ಬರಿನೆಲದ ತಗ್ಗಿನಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತವೆ. ಆದರೆ ಕೆಂಪು ಹೊಂದಿಕೊಳ್ಳುವ ಹಕ್ಕಿ. ನೀರಿನ ಆಸುಪಾಸು ಇದ್ದರೆ ಸಾಕು, ರೈಲು ಹಳಿಯ ಜಲ್ಲಿಯ ಮೇಲೂ, ಮನೆಯ ತಾರಸಿಯ ಮೇಲೂ ಮೊಟ್ಟೆ ಇಟ್ಟದ್ದುಂಟು. ಪಶ್ಚಿಮ ಏಷ್ಯಾದಿಂದ ಆಗ್ನೇಯ ಏಷ್ಯಾದವರೆಗೂ ಅದು ಇದೆ. ಹಳದಿಯದು ಭಾರತ ಉಪಖಂಡ ಮಾತ್ರ. ಅದಕ್ಕೆ ಬೇಕಿರುವುದು ಒಣ, ಬಯಲು ನೆಲ. ಮರಿ ಮಾಡುವುದೂ ಸುಡು ಬೇಸಿಗೆಯಲ್ಲೇ. ಈ ಹಕ್ಕಿಯನ್ನು ಕೂತು ನೋಡಿದ ಸುರೇಶ್ ಜಯಕರ್ ಮತ್ತು ಹೆಲೆನ್ ಸ್ಪರ್ವೇ 1960ರ ದಶಕದಲ್ಲಿ ಮುಂಬೈಯ ಬಿಎನ್‌ಎಚ್‌ಎಸ್ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ತಾಯಿ-ತಂದೆ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪಾಗಿಸುತ್ತವೆ.

ನನ್ನ ತಕರಾರು ಇಷ್ಟೇ. ನೀರಿದ್ದ ಜಾಗಕ್ಕೆ ಈಗ ಹೇಗೋ ಬೆಲೆ ಬಂದಿದೆ. ಠಾಣೆ ಖಾಡಿ 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಮರವೂ ಇಲ್ಲದ, ನೀರೂ ಇಲ್ಲದ ನೆಲ ಮಾತ್ರ ನಮ್ಮ ಕಾಗದಪತ್ರದಲ್ಲಿ ‘ಖರಾಬು’. ಖರಾಬು ಎಂದ ಮೇಲೆ ಸೈಟು, ಗೋದಾಮು, ಸೋಲಾರ್ ಏನು ಬಂದರೂ ಕೇಳುವವರಿಲ್ಲ. ಹೆಸರಘಟ್ಟದ ಹುಲ್ಲುಗಾವಲು ಖಾಲಿ ಜಾಗವಲ್ಲ ಎಂದು ಒಪ್ಪಿಸಲು ಜನ ವರ್ಷಗಟ್ಟಲೆ ಹೋರಾಡಬೇಕಾಯಿತು.

ಮನೆ ಬೇಡ, ಕರೆಂಟು ಬೇಡ ಎನ್ನುತ್ತಿಲ್ಲ. ನಾನೇ ಅಂಥದ್ದೊಂದು ಕಟ್ಟಡದ ಹತ್ತನೇ ಮಹಡಿಯಲ್ಲಿದ್ದೇನೆ. ಬೀಳು ನೆಲ ಸಮತಟ್ಟು ಮಾಡುವ ಮೊದಲು ಒಂದು ಬೇಸಿಗೆ ಅಲ್ಲಿ ಯಾರು ಮೊಟ್ಟೆ ಇಡುತ್ತಾರೆ ಎಂದು ಎಣಿಸಿ, ಒಂದಿಷ್ಟು ನೆಲ ಹಾಗೇ ಬಿಡಿ ಎನ್ನುತ್ತಿದ್ದೇನೆ.

ಪಂಚತಂತ್ರದಲ್ಲಿ ಸಮುದ್ರ ಟಿಟ್ಟಿಭದ ಮೊಟ್ಟೆ ಕದ್ದಾಗ ದೂರು ವಿಷ್ಣುವಿನವರೆಗೆ ಹೋಯಿತು, ಸಮುದ್ರ ಹೆದರಿ ಮೊಟ್ಟೆ ಮರಳಿಸಿತು. ಜೆಸಿಬಿ ಮರಳಿಸುವುದಿಲ್ಲ.